ಮಂಚದ ನಾಲ್ಕನೆಯ ಮೂಲೆ

ಸ್ವರ್ಗದ ಬಾಗಿಲಲ್ಲಿ ನಿಮ್ಮನ್ನು ಮೊದಲು ಏನು ಕೇಳುತ್ತಾರೆ ಎಂದುಕೊಂಡಿದ್ದೀರಿ? ಮಾಡಿದ ಪಾಪಗಳ ಪಟ್ಟಿಯನ್ನೇ? ಖಂಡಿತ ಅಲ್ಲ. ನಮ್ಮ ದೊಡ್ಡಪ್ಪನ ಪ್ರಕಾರ ಅಲ್ಲಿ ಕೇಳುವ ಮೊದಲ ಮಾತು, "ಎಲ್ಲಿ, ನಾಲಿಗೆ ಚಾಚು." ನಾಲಿಗೆ ಬೆಳ್ಳಗೆ ಕಟ್ಟಿಕೊಂಡಿದ್ದರೆ ಪಕ್ಕದ ಸಾಲಿಗೆ ಹೋಗಿ ನಿಲ್ಲಬೇಕು. ಅಲ್ಲಿ ಹರಳೆಣ್ಣೆ ಕುಡಿಸುತ್ತಾರೆ. ಪಾಪಗಳ ವಿಚಾರಣೆ ಏನಿದ್ದರೂ ಹೊಟ್ಟೆ ಶುದ್ಧವಾದ ಮೇಲೆ!

ಇದನ್ನು ಅವರು ತಮಾಷೆಗೆ ಹೇಳುತ್ತಿದ್ದರೆಂದು ತಿಳಿಯಬೇಡಿ. ಅವರಿಗೆ ತಮಾಷೆ ಬರುತ್ತಿರಲಿಲ್ಲ. "ಈ ಮೈ ನಮ್ದಲ್ಲ ಕಣೋ," ಎನ್ನುತ್ತಿದ್ದರು, "ಯಜಮಾನ ಮೇಲವನೆ. ನಾವು ಬಾಡಿಗೇಗಿರೋರು. ಖಾಲಿ ಮಾಡೋ ದಿನ ಗೋಡೆ ಬಿದ್ದು ಸೂರು ಸೋರ್ತಾ ಇದ್ರೆ ಅವನಿಗೆ ಏನಂತ ಮುಖ ತೋರಿಸ್ತೀಯ?" ನಾನು ಇಪ್ಪತ್ಮೂರು ವರ್ಷದವನು, ಮನೆ ಖಾಲಿ ಮಾಡುವ ಯೋಚನೆಯೇ ಇಲ್ಲದವನು. ಆದರೂ ಅವರ ಎದುರು ನಿಂತಾಗ ನನ್ನ ಸೂರು ಎಲ್ಲೋ ಸೋರುತ್ತಿದೆ ಅನ್ನಿಸುತ್ತಿತ್ತು.

ಎಪ್ಪತ್ತರ ದಶಕದಲ್ಲಿ ದೊಡ್ಡಪ್ಪ ಟಿ. ನರಸೀಪುರ ತಾಲ್ಲೂಕಿನಲ್ಲಿ ಮಲೇರಿಯಾ ನೌಕರರಾಗಿದ್ದರು. ಒಂದು ಸೈಕಲ್ಲು, ಒಂದು ಖಾಕಿ ಚೀಲ; ಚೀಲದಲ್ಲಿ ಗಾಜಿನ ಪಟ್ಟಿ, ಸೂಜಿ, ಸೀಮೆಸುಣ್ಣ. ಸೋಸಲೆಯಿಂದ ಬನ್ನೂರಿನವರೆಗೆ ಯಾರ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಬೆರಳಿಗೆ ಸೂಜಿ ಚುಚ್ಚಿ ಒಂದು ತೊಟ್ಟು ರಕ್ತ ತೆಗೆಯುವುದು, ಬಂದುಹೋದ ತಾರೀಖನ್ನು ಗೋಡೆಯ ಮೇಲೆ ಬರೆಯುವುದು ಅವರ ಕೆಲಸ. ಊರೂರಿನಲ್ಲಿ ಅವರ ಹೆಸರೇ "ಮಲೇರಿಯಾ ಸಾ." ಅವರ ಸೈಕಲ್ಲಿನ ಬೆಲ್ಲು ಕೇಳಿದರೆ ಜ್ವರದಲ್ಲಿ ಮಲಗಿದವರೂ ಎದ್ದು ಕೊಟ್ಟಿಗೆಯ ಕಡೆ ನಡೆದುಬಿಡುತ್ತಿದ್ದರಂತೆ. ಇದಕ್ಕಿಂತ ಒಳ್ಳೆಯ ಔಷಧ ಇನ್ನೇನಿದೆ?

ತೊಂದರೆಯೆಂದರೆ ಅವರ ಡ್ಯೂಟಿ ಐದು ಗಂಟೆಗೆ ಮುಗಿಯುತ್ತಿರಲಿಲ್ಲ. ನಂಜನಗೂಡಿನ ನಮ್ಮ ಮನೆಗೆ ಬಂದರೂ ಮುಂದುವರಿಯುತ್ತಿತ್ತು. ನೆಂಟರು ಬಂದರೆ ಕುಡಿಯಲು ನೀರು ಕೇಳುತ್ತಾರೆ, ಇವರು ನೀರಿನ ತೊಟ್ಟಿ ಎಲ್ಲಿದೆ ಎಂದು ಕೇಳುತ್ತಿದ್ದರು. ಹಂಡೆ, ಕೊಳಗ, ತುಳಿದರೆ ಒಡೆಯುವ ಹಳೆಯ ಮಡಕೆ ಎಲ್ಲದರೊಳಗೂ ಇಣುಕಿ ಸೊಳ್ಳೆಮರಿ ಹುಡುಕುತ್ತಿದ್ದರು. ಆಮೇಲೆ ಮನೆಮಂದಿಯ ನಾಲಿಗೆ, ಆಮೇಲೆ ನಾಡಿ. ನಾಡಿ ಎಣಿಸುವಾಗ ಅವರ ತುಟಿ ಒಂದೇ ಸಮನೆ ಅಲ್ಲಾಡುತ್ತಿತ್ತು, ಬಾಯಲ್ಲೇ ಅವರೆಕಾಳು ಹಿಸುಕುತ್ತಿದ್ದಾರೇನೋ ಎನ್ನುವ ಹಾಗೆ. ಎಲ್ಲ ಮುಗಿದ ಮೇಲೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ತಾರೀಖು, ಅದರ ಕೆಳಗೆ "ತಪಾಸಣೆ ಆಯಿತು" ಎಂದು ಬರೆದರೆ ನಮಗೆ ಬಿಡುಗಡೆ. ನಮ್ಮಮ್ಮ ಅಯ್ಯನವರು ಪ್ರಾರ್ಥನೆಗೆ ಬರುತ್ತಾರೆಂದರೆ ಮನೆ ಗುಡಿಸುತ್ತಿದ್ದಳು. ಭಾವ ಬರುತ್ತಾರೆಂದರೆ ಗುಡಿಸಿ, ಸಾರಿಸಿ, ನನ್ನ ಉಗುರು ಕತ್ತರಿಸಿಕೊಳ್ಳಲು ಹೇಳುತ್ತಿದ್ದಳು.

ಅಯ್ಯನವರೆಂದರೆ ನರಸೀಪುರದ ನಮ್ಮ ಸಭೆಯ ಪಾದ್ರಿ. ಹದಿನಾಲ್ಕು ಮನೆಯ ಪುಟ್ಟ ಸಭೆ. ಗುಂಡಗೆ, ಗಿಡ್ಡಗೆ, ಬಹಳ ಸಾಧು ಮನುಷ್ಯ. ಆ ಸಾಧು ಮನುಷ್ಯ ಏನೇನು ಅನುಭವಿಸಿದರು! ಒಂದು ಶನಿವಾರ ಸಂಜೆ, ಮಾರನೆಯ ದಿನದ ಮಗುವಿನ ದೀಕ್ಷಾಸ್ನಾನಕ್ಕೆಂದು ಕಲ್ಲಿನ ಬಟ್ಟಲಲ್ಲಿ ನೀರು ತುಂಬಿಸಿಟ್ಟು ಮನೆಗೆ ಹೋಗಿದ್ದಾರೆ. ಭಾನುವಾರ ಆರಾಧನೆ ನಡೆದು, ತಾಯಿ ಮಗುವನ್ನೆತ್ತಿಕೊಂಡು ಮುಂದೆ ಬಂದು, ಅಯ್ಯನವರು ಕಣ್ಣು ಮುಚ್ಚಿ ಬಟ್ಟಲಿಗೆ ಕೈಯಿಟ್ಟರೆ ಒಣ ಕಲ್ಲು. ಒರೆಸಿ, ಬೋರಲು ಹಾಕಿದ್ದ ಗುರುತು. ಮೂರನೆಯ ಬೆಂಚಿನಿಂದ ದೊಡ್ಡಪ್ಪ ಎದ್ದು ನಿಂತು ವಿವರಿಸಿದರು:

"ನಿಂತ ನೀರು ಅಯ್ಯನೋರೇ. ನಾನೇ ಚೆಲ್ದೆ."

"ಒಂದು ರಾತ್ರೀಲಿ ಏನಾಗ್ತಿತ್ತಪ್ಪ?"

"ಸೊಳ್ಳೆಗೆ ಒಂದು ರಾತ್ರಿ ಸಾಕು. ಕೂಸು ದೇವರ ಮನೆಗೆ ಸೇರೋ ದಿನಾನೇ ಮಲೇರಿಯಾ ಅಂಟಿಸ್ಕೊಬೇಕಾ?"

ಕೊಳವೆಬಾವಿಯಿಂದ ನೀರು ಬರುವವರೆಗೆ ಮಗು ಅತ್ತಿತು, ಸಭೆ ನಕ್ಕಿತು, ಅಯ್ಯನವರು ಹಾಡು ಹೇಳಿಸಿದರು.

ಪ್ರಾರ್ಥನೆಯ ವಿಷಯದಲ್ಲೂ ಅವರದು ಪ್ರತ್ಯೇಕ ಕಾನೂನು. ನಮ್ಮ ಸಭೆಯಲ್ಲಿ ಕಾಯಿಲೆಯವರು ಎದ್ದು ನಿಂತು ನಮಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಳ್ಳುವ ಪದ್ಧತಿ. ಒಬ್ಬ ಹಿರಿಯರು ಕೆಮ್ಮಿಗಾಗಿ ಪ್ರಾರ್ಥನೆ ಕೇಳಿದರು. ಅಂದು ಪ್ರಾರ್ಥನೆ ನಡೆಸುವ ಸರದಿ ದೊಡ್ಡಪ್ಪನದು. "ಜೇಬಲ್ಲಿರೋ ಬೀಡಿ ಕಟ್ಟು ಮೊದ್ಲು ಇಲ್ಲಿಡಿ," ಎಂದು ಕೈ ಚಾಚಿದರು, "ನಮ್ಮ ಕೈಲಾಗೋದನ್ನ ನಾವು ಮಾಡಿ, ಆಗದೇ ಇರೋದಕ್ಕೆ ಅವನನ್ನ ಕರೆಯೋಣ." ಆ ಹಿರಿಯರು ಮತ್ತೆಂದೂ ನರಸೀಪುರದಲ್ಲಿ ಪ್ರಾರ್ಥನೆ ಕೇಳಲಿಲ್ಲ. ಅಯ್ಯನವರು ನಮ್ಮ ಮನೆಗೆ ಬರುವ ದಿನ ಬಸ್ಸು ಹತ್ತಿ ನಂಜನಗೂಡಿಗೆ ಬಂದು ಮಾಡಿಸಿಕೊಂಡು ಹೋಗುತ್ತಿದ್ದರು.

ಇಂಥ ದೊಡ್ಡಪ್ಪನ ಮನೆಯೊಳಗೇ ಒಂದು ಕಾಯಿಲೆ ಕೂತಿತ್ತು. ನಮ್ಮ ದೊಡ್ಡಮ್ಮನಿಗೆ ಉಬ್ಬಸ. ಮಳೆಗಾಲ ಬಂದರೆ ಉಸಿರಿಗಾಗಿ ಒದ್ದಾಡುವಷ್ಟು ಉಬ್ಬಸ. ಅವರ ಮನೆಯೋ ನರಸೀಪುರದಲ್ಲಿ ಹೊಳೆ ಕಡೆಯ ಓಣಿಯ ಕಟ್ಟಕಡೆಗೆ. ನಡುವೆ ಒಂದು ಕಾಲುವೆ, ಕಾಲುವೆಗೆ ಎರಡು ಕಲ್ಲುಚಪ್ಪಡಿ ಹಾಸಿದ ದಾರಿ. ಎತ್ತಿನಗಾಡಿಯೂ ಆಚೆಗೆ ಬಾರದು. ಒಂದು ಮಳೆಗಾಲದ ಮಧ್ಯಾಹ್ನ ದೊಡ್ಡಮ್ಮನ ತುಟಿ ನೀಲಿಗಟ್ಟಿದಾಗ ಅಕ್ಕಪಕ್ಕದವರು ಕುರ್ಚಿಯ ಮೇಲೆ ಕೂರಿಸಿ ಹೊತ್ತರು. ಒಬ್ಬನಿಗೆ ಸೊಂಟ ಹಿಡಿಯಿತು, ಒಬ್ಬನಿಗೆ ಏದುಸಿರು, ಒಬ್ಬ ಬೀಡಿ ಹಚ್ಚಲು ನಿಂತ. ಆಸ್ಪತ್ರೆ ಮುಟ್ಟುವುದರೊಳಗೆ ಕುರ್ಚಿಯನ್ನು ಏಳು ಸಲ ಕೆಳಗಿಳಿಸಿದರಂತೆ. ದೊಡ್ಡಮ್ಮ ಉಳಿದುಕೊಂಡರು. ಆದರೆ ಡಾಕ್ಟರು, "ಇನ್ನೊಂದು ಸಲ ಇಷ್ಟು ತಡ ಮಾಡಬೇಡಿ," ಎಂದರು. ಆ ಏಳು ಸಲವನ್ನು ದೊಡ್ಡಪ್ಪ ಎಂದೂ ಮರೆಯಲಿಲ್ಲ.

ಅವರ ಹೊಸ ಧರ್ಮಶಾಸ್ತ್ರ ಶುರುವಾದದ್ದು ಅಲ್ಲಿಂದ. ಪಾರ್ಶ್ವವಾಯು ಬಡಿದವನೊಬ್ಬನನ್ನು ನಾಲ್ಕು ಜನ ಹಾಸಿಗೆ ಸಮೇತ ಹೊತ್ತು ತಂದು, ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲದೆ ಮಾಳಿಗೆ ಹತ್ತಿ, ಸೂರು ಬಿಚ್ಚಿ, ಯೇಸುಸ್ವಾಮಿಯ ಮುಂದೆ ಇಳಿಸಿದ ಕಥೆ ನಮ್ಮ ಸಭೆಯ ಎಳೆಮಕ್ಕಳಿಗೂ ಗೊತ್ತು. ಎಲ್ಲರೂ ಮಾತಾಡುವುದು ಎದ್ದು ನಡೆದವನ ಬಗ್ಗೆ. ದೊಡ್ಡಪ್ಪನಿಗೆ ಅವನಲ್ಲಿ ಆಸಕ್ತಿಯೇ ಇಲ್ಲ! ಅಯ್ಯನವರು ಪರಸ್ಥಳಕ್ಕೆ ಹೋಗಿದ್ದ ಒಂದು ಭಾನುವಾರ ಪ್ರಸಂಗ ಮಾಡುವ ಅವಕಾಶ ಸಿಕ್ಕಿದ್ದೇ ತಡ, ಶುರು ಮಾಡಿದರು:

"ಹೊತ್ತೋರು ಯಾರು? ಅವರು ಏನು ತಿಂತಿದ್ರು? ಯಾರಾದ್ರೂ ಕೇಳಿದೀರಾ? ಮಂಚ ಹೊತ್ಕೊಂಡು ಮೆಟ್ಲು ಹತ್ತೋದು ಅಂದ್ರೆ ಹುಡುಗಾಟಾನಾ? ಒಬ್ಬನಿಗೆ ಮಂಡಿನೋವು ಇದ್ದಿದ್ರೆ ಆ ರೋಗಿ ಇವತ್ತಿಗೂ ಬೀದೀಲೇ ಬಿದ್ದಿರೋನು. ನಂಬಿಕೆ, ನಂಬಿಕೆ ಅಂತೀರಲ್ಲ, ನಂಬಿಕೆಗೆ ಭುಜ ಬೇಕು ಕಣ್ರಯ್ಯ. ಆ ನಾಲ್ಕು ಜನಾನೂ ಒಂದೇ ಎತ್ತರ ಇದ್ರು. ಇಲ್ದೇ ಇದ್ರೆ ಮಂಚ ವಾಲೋದು."

ಸುದ್ದಿ ಕೇಳಿ ಅಯ್ಯನವರು ಮೆಲ್ಲಗೆ ಹೇಳಿದರು: "ಒಂದೇ ಎತ್ತರ ಇದ್ರು ಅಂತ ಎಲ್ಲೂ ಬರೆದಿಲ್ಲವಲ್ಲಪ್ಪ."

"ಮಂಚ ವಾಲ್ತು ಅಂತಾನೂ ಬರೆದಿಲ್ವಲ್ಲ ಅಯ್ಯನೋರೇ."

ಅಯ್ಯನವರು ಸತ್ಯವೇದ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು.

ಒಂದೇ ವಾರದಲ್ಲಿ ದೊಡ್ಡಪ್ಪನ ಮನೆಯ ನವಾರು ಮಂಚದ ಅಡಿಗೆ ಉದ್ದಕ್ಕೆ ಎರಡು ಬೊಂಬು ಕಟ್ಟುವ ವ್ಯವಸ್ಥೆಯಾಯಿತು. ಹೊರುವವರು ನಾಲ್ಕು ಜನ. ಮುಂದಿನ ಎಡಮೂಲೆ ಸ್ವತಃ ದೊಡ್ಡಪ್ಪ. ಮುಂದಿನ ಬಲಮೂಲೆ ಅಯ್ಯನವರು, ಏಕೆಂದರೆ ಅವರಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಹಿಂದೆ ಒಂದು ಮೂಲೆಗೆ ನಾನು. ಆಗ ತಾನೆ ನಂಜನಗೂಡಿನ ಒಂದು ಕಛೇರಿಯಲ್ಲಿ ಗುಮಾಸ್ತನಾಗಿದ್ದೆ, ಎರಡನೇ ಶನಿವಾರ ರಜ ಎಂಬ ಗುಟ್ಟನ್ನು ಅಮ್ಮ ಬಿಟ್ಟುಕೊಟ್ಟಿದ್ದಳು. ಇನ್ನೊಂದು ಮೂಲೆಗೆ ನಮ್ಮ ಸಭೆಯಲ್ಲಿ ಗಟ್ಟಿಯಾಳೇ ಸಿಗಲಿಲ್ಲ. ಓಣಿಯಲ್ಲಿ ಹಾಲು ಹಾಕುತ್ತಿದ್ದ ಗೌಡ ತಾನಾಗಿಯೇ ಬಂದ. "ನಾನು ಒತ್ಕತ್ತೀನಿ ಬುಡಿ ಸಾ. ದಿನಾ ಎಮ್ಮೆ ಕೂಡೆ ಗುದ್ದಾಡೋನು, ಇದ್ಯಾವ ಲೆಕ್ಕ?" ಅವನಿಗೂ ನಾಲಿಗೆ ಚಾಚಿಸಿ ನೋಡಿಯೇ ಸೇರಿಸಿಕೊಂಡರು.

ನಮ್ಮ ನಾಲ್ವರ ಎತ್ತರವನ್ನು ನಡುಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಗುರುತು ಮಾಡಿದರು. ಮೂರು ಗೆರೆ ಹೆಚ್ಚುಕಡಿಮೆ ಒಂದೇ ಮಟ್ಟ. ಅಯ್ಯನವರದು ಒಂದು ಗೇಣು ಕೆಳಗೆ. ಪಾದ್ರಿಯನ್ನು ಎಳೆದು ಉದ್ದ ಮಾಡಲು ಬರುವುದಿಲ್ಲ. ಆದ್ದರಿಂದ ಮಿಕ್ಕ ಮೂವರೂ ಮಂಡಿ ಬಗ್ಗಿಸಿಕೊಂಡು ನಡೆಯುವುದನ್ನು ಕಲಿಯಬೇಕೆಂದು ತೀರ್ಮಾನವಾಯಿತು. ದೊಡ್ಡಪ್ಪ "ಮಂಡಿ" ಎಂದರೆ ಸಾಕು, ನಾವು ಅರ್ಧ ಕುಕ್ಕರಿಸಿ ಬಾತುಕೋಳಿಗಳ ಹಾಗೆ ಅಂಗಳ ಸುತ್ತುತ್ತಿದ್ದೆವು. ಬಸ್ಸಿನಲ್ಲಿ ನಂಜನಗೂಡಿಗೆ ಹಿಂದಿರುಗುವಾಗ ನನ್ನ ತೊಡೆಗಳು ಸೀಟಿಗೆ ಒಗ್ಗುತ್ತಿರಲಿಲ್ಲ. ನಮಗೆ ಬೆಳಗ್ಗೆ ಬಿಸಿನೀರು, ರಾಗಿಮುದ್ದೆ, ಸೊಪ್ಪು. ಮನೆಪ್ರಾರ್ಥನೆ ಮುಗಿದ ಮೇಲೆ ಅಯ್ಯನವರ ಕೈ ಮೂರನೆಯ ಬೋಂಡದ ಕಡೆ ಹೋದರೆ ದೊಡ್ಡಪ್ಪ ದೂರದಿಂದಲೇ, "ಅಯ್ಯನೋರೇ, ಮಂಚ," ಎನ್ನುತ್ತಿದ್ದರು. ಕೈ ಹಿಂದಕ್ಕೆ ಬರುತ್ತಿತ್ತು.

ಪ್ರತಿ ಎರಡನೇ ಶನಿವಾರದ ಅಭ್ಯಾಸಕ್ಕೆ ದೊಡ್ಡಮ್ಮನನ್ನೇ ಮಲಗಿಸುವುದು ಸರಿಯಲ್ಲವೆಂದು ಅವರನ್ನು ಅಕ್ಕಿ ಗಿರಣಿಗೆ ಕರೆದೊಯ್ದು ತೂಕ ಮಾಡಿಸಿ, ಅದೇ ತೂಕಕ್ಕೆ ಒಂದು ಭತ್ತದ ಮೂಟೆ ಕಟ್ಟಿಸಿದರು. ಸ್ವಲ್ಪ ಸಾಲದೆ ಬಂದದ್ದಕ್ಕೆ ಮೇಲೊಂದು ಬೂದುಗುಂಬಳಕಾಯಿ. ದೊಡ್ಡಮ್ಮ ಅಡಿಗೆಮನೆಯಿಂದ ಬಂದು ನೋಡಿ, "ಆ ಕಾಯಿ ತೆಗೀರಿ. ನಾನು ಅಷ್ಟಿಲ್ಲ," ಎಂದರು. ದೊಡ್ಡಪ್ಪ ತೆಗೆಯಲಿಲ್ಲ.

ಮೊದಲ ಅಭ್ಯಾಸದ ದಿನ ನಡೆದದ್ದನ್ನು ಹೇಳದೆ ಹೇಗಿರಲಿ? ರೋಗಿಗೆ ಹೊದಿಸುವುದನ್ನೂ ಕಲಿಯಬೇಕಲ್ಲ ಎಂದು ದೊಡ್ಡಪ್ಪ ಮೂಟೆಯ ಮೇಲೆ ಬಿಳಿ ದುಪ್ಪಟಿ ಹೊದಿಸಿದ್ದರು. ಮುಂದೆ ಬಿಳಿ ನಿಲುವಂಗಿ ಕಳಚಲು ಸಮಯ ಸಿಗದ ಅಯ್ಯನವರು. ಓಣಿ ದಾಟಿ ಪೇಟೆಬೀದಿಗೆ ಬಂದೆವು ನೋಡಿ, ಸೈಕಲ್ ಷಾಪಿನವನು ರೇಡಿಯೋ ಆರಿಸಿದ. ಹೋಟೆಲಿನವನು ಗಲ್ಲಾ ಬಿಟ್ಟು ಎದ್ದು ನಿಂತ. ಹೂ ಮಾರುವ ಅಜ್ಜಿ ಓಡಿಬಂದು ಒಂದು ಮೊಳ ಸೇವಂತಿಗೆ ಹಾಕಿ ಕೈಮುಗಿದಳು.

"ಯಾರಪ್ಪಾ ಪುಣ್ಯಾತ್ಮರು?"

"ಯಾರೂ ಅಲ್ಲ ಕಣಜ್ಜಿ," ಎಂದ ಗೌಡ, "ಬತ್ತ."

ಎರಡನೆಯ ತಿಂಗಳು ಯಾರೂ ಏಳಲಿಲ್ಲ. ಮೂರನೆಯ ತಿಂಗಳು ಕೈ ಬೀಸಿದರು. ಆ ವರ್ಷದ ಕೊನೆಗೆ ಯಾರೋ ನಿಜವಾಗಿಯೇ ತೀರಿಕೊಂಡು ಅದೇ ಬೀದಿಯಲ್ಲಿ ಹೋಗುವಾಗ ಹೋಟೆಲಿನವನು ಕೂತಲ್ಲಿಂದಲೇ, "ಈ ಸಲ ಎಷ್ಟು ಕೇಜಿ?" ಎಂದು ಕೇಳಿ ಪೆಟ್ಟು ತಿನ್ನುವುದೊಂದು ಬಾಕಿಯಿತ್ತಂತೆ!

ಹೀಗೆ ನಾಲ್ಕೈದು ವರ್ಷ. ಅಭ್ಯಾಸ ಮುಗಿಸಿ ಮೂಟೆಯನ್ನು ಜಗುಲಿಯ ಮೇಲೆ ಹಾಕಿ, ಕಾಫಿ ಕುಡಿದು ನಾವು ಹೊರಟುಬಿಡುತ್ತಿದ್ದೆವು. ಮುಂದಿನ ಸಲ ಬರುವಷ್ಟರಲ್ಲಿ ಅದು ಒಳಗಿನ ಕೋಣೆಯಲ್ಲಿ ಇರುತ್ತಿತ್ತು. ಗೌಡ ಇಟ್ಟಿರಬೇಕೆಂದು ನಾನು, ದೊಡ್ಡಪ್ಪ ಇಟ್ಟಿರಬೇಕೆಂದು ಗೌಡ, ಗೌಡನೇ ಇರಬೇಕೆಂದು ದೊಡ್ಡಪ್ಪ ತಿಳಿದುಕೊಂಡಿದ್ದೆವು. ದೊಡ್ಡಮ್ಮನಿಗೆ ಅಷ್ಟು ವರ್ಷವೂ ಮಂಚ ಹತ್ತುವಂಥ ಉಬ್ಬಸ ಬರಲೇ ಇಲ್ಲ. ದೇವರ ಕೃಪೆ ಎಂದರು ಅಯ್ಯನವರು. ಬಿಸಿನೀರು ಎಂದರು ದೊಡ್ಡಪ್ಪ.

ಎಂಬತ್ತರ ದಶಕದ ಆರಂಭದ ಒಂದು ಎರಡನೇ ಶನಿವಾರ. ಮಧ್ಯಾಹ್ನದ ಹೊತ್ತು. ಓಣಿಯ ಗಂಡಸರೆಲ್ಲ ಸಂತೆಗೆ ಹೋಗಿದ್ದರು. ನಾನು, ಅಯ್ಯನವರು, ಗೌಡ ಅಂಗಳದಲ್ಲಿ ಬೊಂಬು ಕಟ್ಟುತ್ತಿದ್ದೆವು. ಮೂಟೆ ತರಲೆಂದು ದೊಡ್ಡಪ್ಪ ಒಳಗಿನ ಕೋಣೆಗೆ ಹೋದರು. ಭತ್ತಕ್ಕೆ ಇಲಿ ಬಂದಿತ್ತು, ಇಲಿಗೆ ಹಾವು ಬಂದಿತ್ತು. ಮೂಟೆಯ ಹಿಂದೆ ಕೈ ಹಾಕಿದ್ದಾರೆ, ಅಷ್ಟೆ. ಊರಿನ ಮೂಲೆಮೂಲೆಯಲ್ಲಿ ಸೊಳ್ಳೆಮರಿ ಹುಡುಕುವ ಮನುಷ್ಯನಿಗೆ ಮನೆಯ ಮೂಟೆಯ ಹಿಂದಿನ ಹಾವು ಕಾಣಲಿಲ್ಲ.

ಅವರು ಕೂಗಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಹೊರಗೆ ಬಂದು ಜಗುಲಿಯ ಮೇಲೆ ಕೂತು, "ಲೇ, ಎರಡು ಚುಕ್ಕಿ ಬಿದ್ದವೆ ನೋಡು," ಎಂದರು. ನನಗೆ ನೋಡಲು ಆಗಲಿಲ್ಲ. "ನಾನು ನಡೀಬಾರ್ದು. ನಡೆದ್ರೆ ವಿಷ ಏರ್ತದೆ. ಮಂಚ ತನ್ನಿ."

ಮಂಚ ಸಿದ್ಧವಾಗಿಯೇ ಇತ್ತು. ಮಲಗಿಸಿದೆವು. ಅಭ್ಯಾಸಬಲ ನೋಡಿ, ಮೂವರೂ ಓಡಿಹೋಗಿ ನಮ್ಮ ನಮ್ಮ ಮೂಲೆಯಲ್ಲಿ ನಿಂತೆವು. ಮುಂದಿನ ಎಡಮೂಲೆ ಖಾಲಿ! ನಾಲ್ಕೈದು ವರ್ಷ ಲೆಕ್ಕ ಹಾಕಿದ್ದ ದೊಡ್ಡಪ್ಪನಿಗೂ, ಹೊರುವವನೇ ಮಲಗಿದರೆ ಏನು ಮಾಡುವುದೆಂದು ಹೊಳೆದಿರಲಿಲ್ಲ. ಅಯ್ಯನವರು, "ಯಾರನ್ನಾದರೂ ಕರೆದು..." ಎನ್ನುವಷ್ಟರಲ್ಲಿ ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು ಬೊಂಬಿಗೆ ಭುಜ ಕೊಟ್ಟರು. "ಎತ್ರಪ್ಪ," ಎಂದರು.

ಎತ್ತಿದೆವು. ಮಂಚ ಆ ಮೂಲೆಗೆ ವಾಲಿತು. ದೊಡ್ಡಮ್ಮ ಅಯ್ಯನವರಿಗಿಂತಲೂ ನಾಲ್ಕು ಬೆರಳು ಗಿಡ್ಡ.

"ಮಂಡಿ," ಎಂದರು ದೊಡ್ಡಪ್ಪ ಮಲಗಿದಲ್ಲಿಂದಲೇ.

ಮೂವರೂ ಬಗ್ಗಿಸಿದೆವು. ಪ್ರಾರ್ಥನೆಗಲ್ಲದೆ ಅಯ್ಯನವರು ಮಂಡಿ ಬಗ್ಗಿಸಿದ್ದು ಅದೇ ಮೊದಲು. ಮಂಚ ಮಟ್ಟವಾಯಿತು. ಕಲ್ಲುಚಪ್ಪಡಿ ದಾಟಿದೆವು. ಓಣಿಯ ಏರು ಬಂತು. ದೊಡ್ಡಮ್ಮನ ಎದೆಯಿಂದ ಸುಂಯ್ ಸುಂಯ್ ಎಂಬ ಸದ್ದು ಹಿಂದಿದ್ದ ನನಗೂ ಕೇಳಿಸತೊಡಗಿತು.

"ಇಳಿಸ್ರಲಾ," ಎಂದರು ದೊಡ್ಡಪ್ಪ. "ಅವಳ ಕೈಲಾಗಲ್ಲ. ಇಳಿಸ್ರಿ."

"ಸುಮ್ನೆ ಮಲಗ್ರಿ," ಎಂದರು ದೊಡ್ಡಮ್ಮ. "ಮೂಟೆ ಮಾತಾಡಲ್ಲ."

ದೊಡ್ಡಪ್ಪ ಊದುತ್ತಿದ್ದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದರು.

ಪೇಟೆಬೀದಿಯಲ್ಲಿ ಹೋಟೆಲಿನವನು ಎಂದಿನಂತೆ ನಕ್ಕು, "ಏನ್ ಸಾ, ಇವತ್ತು ತಾವೇ ಮಲಗ್ಬಿಟ್ರಾ?" ಎಂದ. ಮುಂದಿನ ಮೂಲೆಯಲ್ಲಿದ್ದವರನ್ನು ನೋಡಿದ ಮೇಲೆ ಅವನ ನಗು ನಿಂತಿತು. ಓಡಿಬಂದು, "ಕೊಡೀ ತಾಯಿ, ನಾನು ಹಿಡೀತೀನಿ," ಎಂದ. ದೊಡ್ಡಮ್ಮ ತಲೆಯಾಡಿಸಿದರು. "ಬೇಡಪ್ಪ, ಹೆಜ್ಜೆ ತಪ್ತದೆ. ನೀನು ಮುಂದೆ ಓಡಿ ಡಾಕ್ಟ್ರಿಗೆ ಹೇಳು." ಅವನು ಓಡಿದ. ಆಸ್ಪತ್ರೆಯ ಮೆಟ್ಟಿಲು ಮುಟ್ಟುವವರೆಗೆ ಮಂಚವನ್ನು ನಾವು ಒಂದು ಸಲವೂ ಕೆಳಗಿಡಲಿಲ್ಲ.

ದೊಡ್ಡಪ್ಪ ಬದುಕಿದರು. ಮೈ ಅಲುಗದ ಹಾಗೆ ಬೇಗ ಹೊತ್ತು ತಂದದ್ದೇ ಒಳ್ಳೆಯದಾಯಿತು ಎಂದರು ಡಾಕ್ಟರು. ದೊಡ್ಡಮ್ಮನಿಗೂ ಒಂದು ಇಂಜೆಕ್ಷನ್ ಕೊಟ್ಟು ಬೆಂಚಿನ ಮೇಲೆ ಕೂರಿಸಿದ್ದರು. ಉಸಿರು ಹದಕ್ಕೆ ಬಂದ ಮೇಲೆ ನಾನು ಕೇಳಿದೆ, "ನಿಮ್ಮಿಂದ ಹೇಗಾಯ್ತು ದೊಡ್ಡಮ್ಮ?"

"ಆ ಮೂಟೇನ ಜಗುಲಿಯಿಂದ ಒಳಕ್ಕೆ ಯಾರು ಎಳೀತಿದ್ರು ಅಂದ್ಕೊಂಡಿದ್ದೆ? ಅವರು ಹೇಳಿದ್ದೆಲ್ಲ ಮಾಡ್ತಿದ್ದೆ ಕಣಪ್ಪ. ಬಿಸಿನೀರು, ಹೊಳೆ ದಂಡೇಲಿ ನಡೆಯೋದು, ಉಸಿರು ಹಿಡಿದು ಬಿಡೋದು ಎಲ್ಲಾನೂವೆ. ಅವರು ಡ್ಯೂಟಿಗೆ ಹೋದ ಮೇಲೆ. ಎದುರಿಗೆ ಮಾಡಿದ್ರೆ ಪಕ್ಕದಲ್ಲೇ ಕೂತ್ಕೊಂಡು ಎಣಿಸ್ತಾರೆ."

ನಾಲ್ಕು ದಿನದ ಮೇಲೆ ದೊಡ್ಡಪ್ಪ ಮನೆಗೆ ಬಂದರು. ನಾನೂ ಕಛೇರಿಗೆ ರಜೆ ಹಾಕಿ ಹೋಗಿದ್ದೆ. ಬಂದವರು ಹಾಸಿಗೆಯ ಕಡೆ ಹೋಗಲಿಲ್ಲ, ನೀರಿನ ತೊಟ್ಟಿಯ ಕಡೆಯೂ ಹೋಗಲಿಲ್ಲ. ನಡುಮನೆಯ ಬಾಗಿಲು ಸರಿಸಿ, ಅದರ ಹಿಂದಿದ್ದ ನಾಲ್ಕು ಗೆರೆಗಳಲ್ಲಿ ತಮ್ಮದನ್ನು ಅಂಗೈಯಿಂದ ಒರೆಸಿದರು. "ಬಾ ಇಲ್ಲಿ, ನಿಂತ್ಕೊ," ಎಂದು ದೊಡ್ಡಮ್ಮನನ್ನು ಕರೆದರು.

ದೊಡ್ಡಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಬಲಗೈ ಇನ್ನೂ ಊದಿಕೊಂಡಿದ್ದರಿಂದ ದೊಡ್ಡಪ್ಪ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದರು.

"ಸ್ವಲ್ಪ ಮೇಲೇ ಹಾಕ್ರಿ. ಅಯ್ಯನೋರಿಗಿಂತ ಗಿಡ್ಡ ಕಾಣ್ತೀನಿ."

"ಇದ್ದಂಗೆ ಹಾಕ್ತೀನಿ. ಮಿಕ್ಕೋರು ಬಗ್ಗಲಿ."

ಗೆರೆ ಸೊಟ್ಟಗೆ ಬಿತ್ತು. ಪಕ್ಕದಲ್ಲಿ ತಾರೀಖು ಬರೆದರು. "ತಪಾಸಣೆ ಆಯಿತು" ಎಂದು ಬರೆಯುವ ಜಾಗಕ್ಕೆ ಬಂದು ಕೈ ನಿಂತಿತು. ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು, ಎಂದಿನ ಹಾಗೆ ಗಂಭೀರವಾಗಿ ದೊಡ್ಡಮ್ಮನ ಮುಂಗೈ ಹಿಡಿದುಕೊಂಡರು.

"ಏನ್ರೀ ಇದು, ಮಗ ನೋಡ್ತವನೆ."

"ನಾಡಿ ನೋಡ್ತಿದೀನಿ, ಸುಮ್ನಿರು."

ಇಷ್ಟು ವರ್ಷ ಅವರನ್ನು ನೆನೆದು ನಕ್ಕಿದ್ದೇನೆ, ಇಂದೂ ನಗುತ್ತೇನೆ. ನಾಡಿ ಎಣಿಸುವಾಗ ದೊಡ್ಡಪ್ಪನ ತುಟಿ ಅಲ್ಲಾಡುತ್ತಿತ್ತೆಂದು ಹೇಳಿದೆನಲ್ಲ? ಅಂದು ಅಲ್ಲಾಡುತ್ತಿರಲಿಲ್ಲ.